ಗೋಡೆಗೆ ಬಂದ ಕಾರ್ಟೂನ್ ಮುಖ

ತಂಗಿ ಹೋದ ಮೇಲೆ, ಹದಿಮೂರನೆಯ ದಿನದ ಊಟಕ್ಕೆ ಅವಳು ಕೆಲಸ ಮಾಡುತ್ತಿದ್ದ ಕಾರ್ಟೂನ್ ಸ್ಟುಡಿಯೋದವರು ಬಂದರು. ಸನತ್‌ನಗರದ ನಮ್ಮ ಕ್ವಾರ್ಟರ್ಸಿನ ಮುಂದೆ ಆಟೋ ಇಳಿದ ಹುಡುಗ ಹುಡುಗಿಯರ ಕೈಯಲ್ಲಿ ಕಾಗದ ಸುತ್ತಿದ ದೊಡ್ಡದೊಂದು ಫ್ರೇಮು ಇತ್ತು. ಬಿಚ್ಚಿದಾಗ ನನಗೆ ಅಸಹ್ಯವಾಯಿತು.

ಅದು ತಂಗಿಯ ಚಿತ್ರವಂತೆ. ಅರ್ಧ ಮುಖ ತುಂಬ ಕಣ್ಣು. ಮೂಗಿನ ಜಾಗದಲ್ಲಿ ಒಂದು ಚುಕ್ಕೆ. ಹಾಲಿನಂಥ ಮೈಬಣ್ಣ. ಕಿವಿಯ ಮೇಲೆ ಕುಂಚ ಸಿಕ್ಕಿಸಿಕೊಂಡು ಬಾಯಿ ತೆರೆದು ನಗುತ್ತಿದ್ದಳು. ನನ್ನ ತಂಗಿ ಕಪ್ಪಗಿದ್ದಳು. ಚಿಕ್ಕಂದಿನಲ್ಲಿ ಬಚ್ಚಲ ಒಲೆಯ ಕೊಳ್ಳಿ ತಾಗಿ ಗದ್ದದ ಮೇಲೆ ಸುಟ್ಟ ಕಲೆ ಉಳಿದಿತ್ತು. ಹಲ್ಲು ಒಂದರ ಮೇಲೊಂದು ಏರಿದ್ದರಿಂದ ತುಟಿ ಮುಚ್ಚಿಯೇ ನಗುತ್ತಿದ್ದಳು.

ಚಿತ್ರಕಲೆಯ ಕಾಲೇಜು ಮುಗಿಸಿ ಅವಳು ಆ ಸ್ಟುಡಿಯೋ ಸೇರಿದ್ದಳು. ಹೊರದೇಶದವರಿಗಾಗಿ ಅಲ್ಲಿ ಒಂದು ಕಾರ್ಟೂನ್ ಧಾರಾವಾಹಿ ತಯಾರಾಗುತ್ತಿತ್ತು. ಆರ್ಟ್ ಸ್ಕೂಲಿನಲ್ಲಿ ಓದುವ ಹುಡುಗ ಹುಡುಗಿಯರ ಕಥೆ. ಪಾತ್ರ ಕೈ ಎತ್ತುವ ಮೊದಲಿನ ಚಿತ್ರವನ್ನೂ ಎತ್ತಿದ ಮೇಲಿನ ಚಿತ್ರವನ್ನೂ ದೊಡ್ಡ ಕಲಾವಿದರು ಬರೆಯುತ್ತಿದ್ದರು. ನಡುವಿನವನ್ನೆಲ್ಲ ತಂಗಿಯಂಥವರು ತುಂಬಬೇಕು. ಪ್ರತಿ ಪಾತ್ರಕ್ಕೂ ಕಣ್ಣಿಷ್ಟು, ಗದ್ದವಿಷ್ಟು ಎಂದು ಅಳತೆ ಕಟ್ಟಿದ ಮಾದರಿ ಹಾಳೆ ಇರುತ್ತಿತ್ತು. ಕೂದಲೆಳೆಯಷ್ಟು ತಪ್ಪಿದರೂ ಚಿತ್ರ ವಾಪಸ್ಸು.

ಇಲ್ಲಿಯ ಟಿವಿಯಲ್ಲೂ ಅದು ಬರಲು ಶುರುವಾದಾಗ ಎಲ್ಲರೂ ಕೂತು ನೋಡಿದೆವು. ಆ ಮಕ್ಕಳು ಹಾಡುತ್ತಿದ್ದರು, ಒಬ್ಬರ ಮೇಲೊಬ್ಬರು ಬಣ್ಣ ಎರಚುತ್ತಿದ್ದರು. ಒಬ್ಬರೂ ಕುಂಚ ತೊಳೆಯಲಿಲ್ಲ.

"ಇವು ಯಾವಾಗ ಓದ್ತಾವು?" ಎಂದೆ.

ಬೆರಳ ಗಂಟಿಗೆ ಮುಲಾಮು ತಿಕ್ಕಿಕೊಳ್ಳುತ್ತ ತಂಗಿ ಹೇಳಿದಳು: "ಓದೂದು ತೋರಸಂಗಿಲ್ಲೋ ಅಣ್ಣಾ. ಓದಾಕ ಕುಂತ್ರ ಕೈಕಾಲು ಅಲುಗಾಡಂಗಿಲ್ಲ, ನಮಗ ಕೆಲಸ ಇರಂಗಿಲ್ಲ."

ಕಾಮಾಲೆ ಅವಳನ್ನು ಒಯ್ದಿತು. ಈಗ ಆ ಧಾರಾವಾಹಿಯ ಮುಖವೇ ಅವಳ ಹೆಸರಿನಲ್ಲಿ ಮನೆಗೆ ಬಂದಿತ್ತು. ಗುಲ್ಬರ್ಗದಿಂದ ಬಂದಿದ್ದ ಸೋದರತ್ತೆ ಫ್ರೇಮಿನ ಮುಂದೆ ನಿಂತು, "ಭಾಳ ಬೆಳ್ಳಗ ಮಾಡ್ಯಾರ್ರಿ. ಬದುಕಿದ್ದಾಗ ಹಿಂಗ ಮಾಡಿದ್ರ ಎಂದೋ ಮದಿವಿ ಆಗಿ ಹೋಗಿರ್ತಿದ್ಲು" ಎಂದಳು. ಹೋಳಿಗೆ ತಿನ್ನುತ್ತಿದ್ದ ಇಬ್ಬರು ನಕ್ಕರು. ಅವರ ಎಲೆಗೆ ತುಪ್ಪ ಬಡಿಸುತ್ತಿದ್ದ ನಾನು ಪಾತ್ರೆಯನ್ನು ಅಲ್ಲೇ ಇಟ್ಟು ಹೊರಟೆ.

ಸ್ಟುಡಿಯೋದಿಂದ ಬಂದವರಲ್ಲಿ ಒಬ್ಬ ತೆಲುಗು ಹುಡುಗಿಯನ್ನು ಹೊರಗೆ ಕರೆದು, ಗದ್ದದ ಕಲೆ ಎಲ್ಲಿ ಹೋಯಿತೆಂದು ತೆಲುಗಿನಲ್ಲಿ ಕೇಳಿದೆ. ಅವಳ ಮುಖ ಬಿಳಿಚಿತು. ಕೆಲಸದ ರೂಢಿಯಂತೆಯೇ ಈ ಚಿತ್ರವನ್ನೂ ಹಂಚಿಕೊಂಡಿದ್ದರಂತೆ: ಒಬ್ಬ ಪೆನ್ಸಿಲು, ಒಬ್ಬಳು ಗೆರೆ, ಇನ್ನೊಬ್ಬ ಬಣ್ಣ. ಕೈ ತಾನಾಗಿಯೇ ಮಾದರಿ ಹಾಳೆಯ ಅಳತೆಗೆ ಹೋಗಿಬಿಟ್ಟಿತ್ತು.

"ಸಾರಿ ಅನ್ನಾ," ಎಂದಳು. "ಅಳುತ್ತಾ ಬರೆದೆವು. ಕಲೆ ಬಿಟ್ಟುಹೋದದ್ದನ್ನು ಯಾರೂ ಗಮನಿಸಲಿಲ್ಲ."

ಅವರು ಹೋದ ಮೇಲೆ ಚಿತ್ರವನ್ನು ಅಟ್ಟಕ್ಕೆ ಹಾಕಬೇಕೆಂದಿದ್ದೆ. ಅಷ್ಟರಲ್ಲಿ ಅವ್ವ ಅದನ್ನು ಹೊರಕೋಣೆಯ ಗೋಡೆಗೆ ತೂಗುಹಾಕಿ ಹೂವಿನ ಮಾಲೆ ಹಾಕಿಬಿಟ್ಟಿದ್ದಳು. ತಂಗಿಯ ಐಡಿ ಕಾರ್ಡಿನಿಂದ ದೊಡ್ಡದು ಮಾಡಿಸಿದ್ದ ಫೋಟೋ ಕಪಾಟಿನಲ್ಲೇ ಉಳಿಯಿತು. ಸಂಜೆ ಧಾರಾವಾಹಿ ಬಂದರೆ ಅವ್ವ ಟಿವಿಯ ಮುಂದೆ ಕೂರುತ್ತಿದ್ದಳು. ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಪಕ್ಕದ ಮನೆಯ ಮಗು ಬಂದು, ಗೋಡೆಯ ಮೇಲಿರುವುದು ಟಿವಿಯ ಅಕ್ಕನೇ ಎಂದು ಕೇಳಿದರೆ ಅವ್ವ ಹೌದೆನ್ನುತ್ತಿದ್ದಳು.

ಬಾಲಾನಗರದ ವರ್ಕ್‌ಶಾಪಿನಲ್ಲಿ ನಾನು ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುತ್ತೇನೆ. ಒಂದು ದಿನ ಯಂತ್ರದ ಮುಂದೆ ನಿಂತಾಗ ತಂಗಿಯ ನೆನಪಾಯಿತು. ಮೊದಲು ಬಂದದ್ದು ಆ ಕಣ್ಣುಗಳು. ಅವನ್ನು ಸರಿಸಿ ಅವಳ ಮೂಗು ಹುಡುಕಿದೆ, ಚುಕ್ಕೆಯೇ ಬಂತು. ನನ್ನ ತಲೆಯೊಳಗೆ ಯಾರೋ ಉಗುಳಿ ಹೋದಂತೆ ಅನ್ನಿಸಿತು. ಮನೆಗೆ ಹೋದವನೇ, ಚಪ್ಪಲಿಯನ್ನೂ ಬಿಡದೆ ಚಿತ್ರ ಇಳಿಸಿದೆ.

"ಯಾಕಪಾ?" ಎಂದಳು ಅವ್ವ.

"ಇದು ಅಕಿ ಅಲ್ಲವ್ವಾ. ನನಗ ಅಕಿ ಮಾರಿ ಮರತು ಹೊಂಟೈತಿ."

ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಇದು ಅಕಿ ಅಲ್ಲಂತ ನನಗ ಗೊತ್ತಿಲ್ಲೇನು? ಅಕಿ ಮಾರಿ ದಿನಾ ಗ್ವಾಡಿ ಮ್ಯಾಲೆ ನೋಡಾಕ ನನ್ನ ಕಡಿಂದ ಆಗೂದಿಲ್ಲೋ ಯಪ್ಪಾ. ಇದಾದ್ರ ಹೂವು ಏರಸಬೋದು."

ಮತ್ತೆ ಅದೇ ಮೊಳೆಗೆ ಹಾಕಿದೆ. ಅಸಹ್ಯವೇನೂ ಹೋಗಿಲ್ಲ. ಅವ್ವ ಹೂವು ಏರಿಸುವಾಗ ನಾನು ಒಳಗೆ ಹೋಗಿ ಕಪಾಟು ತೆರೆದು, ಫೋಟೋದಲ್ಲಿರುವ ಗದ್ದದ ಕಲೆಯನ್ನು ನೋಡಿ ಬರುತ್ತೇನೆ. ಊಟಕ್ಕೆ ಕೂತಾಗ ಆ ಗೋಡೆಗೆ ಬೆನ್ನು ಮಾಡುತ್ತೇನೆ.