ಮೊದಲೇ ಹೇಳಿಬಿಡಿ

ವಿಜಯವಾಡದ ನಮ್ಮ ಚರ್ಚಿನವರು ಕಳೆದ ತಿಂಗಳು ನನ್ನನ್ನು ಮಾತಾಡಲು ಕರೆದರು. ಬಣ್ಣದ ಭೇದ, ಪರದೇಶಿಗಳ ಹಕ್ಕು, ಅದರಲ್ಲಿ ಕ್ರೈಸ್ತರ ಕರ್ತವ್ಯ, ಇಷ್ಟು ವಿಷಯ. ಹಿಂದೆ ವಿಶಾಖಪಟ್ಟಣದಲ್ಲಿದ್ದಾಗ ಅಲ್ಲಿನ ಚರ್ಚಿನ ಸಾಮಾಜಿಕ ನ್ಯಾಯ ಸಮಿತಿಯಲ್ಲಿ ಕೆಲಸ ಮಾಡಿದ್ದೆ ಎಂಬ ಸುದ್ದಿ ನನಗಿಂತ ಮೊದಲೇ ಇಲ್ಲಿಗೆ ಬಂದು ಮುಟ್ಟಿತ್ತು. ಗವರ್ನರ್‌ಪೇಟೆಯ ಬ್ಯಾಂಕ್ ಬ್ರಾಂಚಿನಲ್ಲಿ ಕೆಲಸ ಮುಗಿಸಿ ನೇರ ಹೋಗಿ ಇಪ್ಪತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. ಹೇಳಬೇಕಾದ ಒಂದು ಸಂಗತಿಯನ್ನು ಮಾತ್ರ ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ.

ನಾನು ಧಾರವಾಡದವಳು. ನಾಲ್ಕು ತಲೆಮಾರಿನಿಂದ ನಮ್ಮದು ಕ್ರೈಸ್ತ ಮನೆತನ. ಆದರೆ ಅಜ್ಜ ಇಟ್ಟ ಹಳೆಯ ಕನ್ನಡ ಹೆಸರಿನಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬ್ಯಾಂಕಿನಲ್ಲಿ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದಾಗ ಮನೆ ಹುಡುಕುವ ಕೆಲಸ ನನ್ನ ತಲೆಗೇ ಬಂತು. ನಮ್ಮ ಯಜಮಾನರು ಸ್ವಯಂನಿವೃತ್ತಿ ಪಡೆದ ಗಣಿತದ ಮೇಷ್ಟ್ರು, ಬಾಡಿಗೆಯ ಮಾತು ಬಂದರೆ ಪೇಪರಿನ ಹಿಂದೆ ಮರೆಯಾಗುವವರು. ಹೋದ ಮನೆಯಲ್ಲೆಲ್ಲ ಒಂದೇ ಪ್ರಶ್ನೆ: “ಮೀರೇಮಿಟ್ಲಂಡಿ?” ನೀವು ಯಾವ ಜನ ಎಂದು ಆ ಕಡೆ ನಯವಾಗಿ ಕೇಳುವ ರೀತಿ ಅದು. ನಿಜ ಹೇಳಿದ ಕೂಡಲೇ ಆ ಮನೆಗೆ ಅವರ ತಮ್ಮನೋ ಭಾವನೋ ಬರುವವರಿದ್ದಾರೆ ಎಂದು ನೆನಪಾಗುತ್ತಿತ್ತು. ಐದು ಮನೆಗಳಲ್ಲಿ ಹೀಗಾದ ಮೇಲೆ ಆರನೆಯದಕ್ಕೆ ನಾನು ಹಣೆಗೆ ಸ್ಟಿಕ್ಕರ್ ಬೊಟ್ಟು ಅಂಟಿಸಿಕೊಂಡು ಹೋದೆ.

ಆ ಮನೆಯ ಮಾಲಕಿ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದ ಹಿರಿಯ ಹೆಂಗಸು, ಶುದ್ಧ ಸಸ್ಯಾಹಾರಿ. “ಧಾರವಾಡ, ಬ್ಯಾಂಕು” ಎಂದೆ. ಧಾರವಾಡದವರೆಂದರೆ ಲಿಂಗಾಯತರೇ ಎಂದು ಅವರೇ ತೀರ್ಮಾನಿಸಿದರು. ನಾನು ಸುಳ್ಳು ಹೇಳಲಿಲ್ಲ, ನಕ್ಕೆ ಅಷ್ಟೆ. ಆ ಒಂದು ನಗುವಿಗೆ ನಾಲ್ಕು ವರ್ಷ ದಂಡ ತೆತ್ತೆ. ಮೆಟ್ಟಿಲಿಳಿಯುವಾಗ ಬೊಟ್ಟು ಇರಲೇಬೇಕು. ಭಾನುವಾರ ಆಟೋದಲ್ಲಿ ಅದನ್ನು ಕಿತ್ತು ಪರ್ಸಿನಲ್ಲಿದ್ದ ಪುಟ್ಟ ಕನ್ನಡಿಗೆ ಅಂಟಿಸಬೇಕು. ಬರುವಾಗ ಮತ್ತೆ ಹಣೆಗೆ. ಕ್ರಿಸ್‌ಮಸ್ಸಿನ ನಕ್ಷತ್ರದ ದೀಪವನ್ನು ಮಲಗುವ ಕೋಣೆಯಲ್ಲಿ ಪರದೆ ಎಳೆದು ತೂಗುಹಾಕುತ್ತಿದ್ದೆವು. ನನಗೆ ಇದೆಲ್ಲ ದೊಡ್ಡ ಜಾಣತನ ಎಂದೇ ಅನ್ನಿಸಿತ್ತು.

ಸಮಿತಿಯಲ್ಲಿ ಮಾತ್ರ ನಾನು ಹುಲಿ. ನಗರದಲ್ಲಿ ಓದಲು ಬಂದ ಆಫ್ರಿಕಾದ ವಿದ್ಯಾರ್ಥಿಗಳಿಗೆ, ಈಶಾನ್ಯದ ಕಡೆಯ ಕೆಲಸಗಾರರಿಗೆ ಯಾರೂ ಮನೆ ಕೊಡುತ್ತಿರಲಿಲ್ಲ. ಪೊಲೀಸ್ ಕಮಿಷನರಿಗೆ ಅರ್ಜಿ ಬರೆದವಳು ನಾನು. ಒಂದು ಭಾನುವಾರ ಸಭೆಯ ಮುಂದೆ ನಿಂತು ಹೇಳಿಕೆ ಓದಿದವಳೂ ನಾನು. ಕೋಣೆ ಖಾಲಿ ಇರುವವರು ಹೆಸರು ಬರೆಯಲಿ ಎಂದು ಬಾಗಿಲ ಬಳಿ ಕಾಗದ ಇಟ್ಟೆವು. ಆರು ವಾರ ಕಳೆದರೂ ಅದರಲ್ಲಿ ಒಂದು ಹೆಸರಿಲ್ಲ. “ಎಲ್ಲರೂ ಬಾಯಲ್ಲಿ ಭಕ್ತರು” ಎಂದು ಸಮಿತಿಯಲ್ಲಿ ಕಿಡಿಕಾರಿದೆ. ಆ ಕಾಗದದಲ್ಲಿ ನನ್ನ ಹೆಸರೂ ಇಲ್ಲ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ನನ್ನ ಗಮನಕ್ಕೆ ಬಂದಿತ್ತು.

ಆಗ ಬಂದವಳು ಆ ಹುಡುಗಿ. ಮಲಾವಿ ದೇಶದವಳು, ಫಾರ್ಮಸಿಯಲ್ಲಿ ಎರಡನೆಯ ಡಿಗ್ರಿ ಓದುತ್ತಿದ್ದಳು, ನಮ್ಮ ಇಂಗ್ಲಿಷ್ ಆರಾಧನೆಗೆ ತಪ್ಪದೆ ಬರುತ್ತಿದ್ದಳು. ಅಪಾರ್ಟ್‌ಮೆಂಟಿನ ಉಳಿದವರು ತಕರಾರು ಮಾಡುತ್ತಿದ್ದಾರೆ ಎಂದು ಅವಳ ಮಾಲೀಕರು ಕೋಣೆ ಬಿಡಲು ಹೇಳಿದ್ದರು. ವಿದೇಶಿಯರನ್ನು ಇರಿಸಿಕೊಂಡ ಮನೆಯವರು ಪೊಲೀಸರಿಗೆ ಆನ್‌ಲೈನಿನಲ್ಲಿ ಒಂದು ಫಾರಂ ತುಂಬಿ ಕಳಿಸಬೇಕು. ಆ ಫಾರಂ ಇಲ್ಲದೆ ವಿಳಾಸವಿಲ್ಲ, ವಿಳಾಸವಿಲ್ಲದೆ ವಾಸದ ಪರವಾನಗಿಯ ನವೀಕರಣವಿಲ್ಲ. ಅವಳಿಗೆ ಉಳಿದಿದ್ದು ಮೂರು ವಾರ. ಅಷ್ಟರಲ್ಲಿ ಮನೆ ಸಿಗದಿದ್ದರೆ ಓದು ಅರ್ಧಕ್ಕೆ ಬಿಟ್ಟು ಊರಿಗೆ ಹೋಗಬೇಕು.

“ನಾನಿದ್ದೇನೆ” ಎಂದೆ. ಫೋನು ಹಿಡಿದು ಕೂತೆ. “ನಮ್ಮ ಚರ್ಚಿನ ಹುಡುಗಿ, ಓದುವವಳು, ಬಹಳ ಶಾಂತ” ಎಂದು ಮನೆಯವರಿಗೆ ಹೇಳುತ್ತಿದ್ದೆ. ಮಲಾವಿಯ ಮಾತು ಎತ್ತುತ್ತಿರಲಿಲ್ಲ. ಎಲ್ಲರೂ ಬನ್ನಿ ಬನ್ನಿ ಎನ್ನುವವರೇ. ಇಬ್ಬರೂ ಹೋಗಿ ಬಾಗಿಲು ಬಡಿದಾಗ ಕೋಣೆ ಆಗತಾನೇ ಬೇರೆಯವರಿಗೆ ಹೋಗಿರುತ್ತಿತ್ತು. ನಾಲ್ಕನೆಯ ಮನೆಯಲ್ಲಿ ಮಾತೂ ಆಗಲಿಲ್ಲ. ತೆರೆದ ಬಾಗಿಲು ಹಾಗೇ ಮುಚ್ಚಿತು.

ಮದ್ದಿಲಪಾಲೆಂನ ಆಟೋ ಸ್ಟ್ಯಾಂಡಿನಲ್ಲಿ ನಿಂತು ಅವಳು ಹೇಳಿದಳು: “ಆಂಟಿ, ಫೋನಿನಲ್ಲೇ ಹೇಳಿಬಿಡಿ, ನಾನು ಕಪ್ಪು ಹುಡುಗಿ ಅಂತ. ಬೇಡ ಅನ್ನುವವರು ಅಲ್ಲೇ ಬೇಡ ಅನ್ನಲಿ. ಬಾಗಿಲು ತೆಗೆದಾಗ ಅವರ ಮುಖ ಬದಲಾಗೋದನ್ನ ನಾನು ಯಾಕೆ ನೋಡಬೇಕು?”

“ಮೊದಲು ಒಳಗೆ ಕಾಲಿಟ್ಟರೆ ಆಮೇಲೆ ಜನ ತಾವೇ ಸರಿಹೋಗುತ್ತಾರೆ” ಎಂದೆ. ನಾನು ಮಾಡಿಕೊಂಡು ಬಂದದ್ದೇ ಹಾಗೆ.

ಹಿಂದಿನ ಮೂರು ಮನೆಗಳಿಗೆ ಭಾನುವಾರ ಆರಾಧನೆ ಮುಗಿಸಿ ನೇರ ಹೋಗಿದ್ದೆವು. ಅಂದು ಶನಿವಾರ, ನಾನು ಮನೆಯಿಂದ ಬಂದಿದ್ದೆ. ನನ್ನ ಹಣೆಯ ಬೊಟ್ಟನ್ನು ಅವಳು ಮೊದಲ ಸಲ ನೋಡಿದಳು. “ನಿಮಗೆ ಆ ದಾರಿ ಇದೆ, ಆಂಟಿ. ನನಗಿಲ್ಲ” ಎಂದಳು.

ಮನೆಗೆ ಬಂದು ಯಜಮಾನರ ಮೇಲೆ ರೇಗಾಡಿದೆ. ಅವರು ಪೇಪರ್ ಮಡಚಿಟ್ಟು, “ಹಿಂದಿನ ಖೋಲಿ ಖಾಲಿನ ಅದ ಅಲ್ಲ. ನಿನ್ನ ಇಸ್ತ್ರಿ ಟೇಬಲ್ ಬಿಟ್ಟರ ಅಲ್ಲಿ ಏನದ?” ಎಂದರು.

“ಫಾರಂ ಮಾಲಕಿ ತುಂಬಬೇಕ್ರಿ. ಈಕಿ ಯಾರು, ನಿಮಗೇನಾಗಬೇಕು ಅಂತ ಕೇಳ್ತಾರ. ಆಮ್ಯಾಲೆ ಎಲ್ಲಾ ಹೊರಗ ಬರ್ತದ.”

“ಬರವಲ್ದ್ಯಾಕ. ಹೇಳಿ ಬಾ.”

ಮರುದಿನ ಸಂಜೆ ಬೊಟ್ಟು ಇಲ್ಲದೆ ಕೆಳಗಿಳಿದೆ. ಮಾಲಕಿ ಗೋರಿಕಾಯಿಯ ನಾರು ತೆಗೆಯುತ್ತಿದ್ದರು. ನಾವು ಕ್ರೈಸ್ತರು, ಮಾಂಸ ತಿನ್ನುವವರು, ಈಗ ನಮ್ಮ ಜೊತೆ ಒಬ್ಬ ಮಲಾವಿಯ ಹುಡುಗಿ ಇರಬೇಕಾಗಿದೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಹಾಕಿದರು. “ನಾಲ್ಕು ವರ್ಷ ಹೇಳಲಿಲ್ಲವಲ್ಲಾ, ಮೇಡಂಗಾರೂ” ಎಂದರು. ಅವರಿಗೆ ನಿಜವಾಗಿ ನೋವಾಗಿತ್ತು. ಇನ್ನೊಂದು ಕಾಯಿ ಎತ್ತಿಕೊಂಡು ಮುಂದುವರಿಸಿದರು: “ನೀವು ಇರಿ. ನೀವು ನಮ್ಮವರ ಹಾಗೇ ಇದ್ದೀರಿ. ಮಾಂಸ ಮಾಡುವಾಗ ಕಿಟಕಿ ಹಾಕಿಕೊಳ್ಳಿ. ಆ ಅಮ್ಮಾಯಿ ಮಾತ್ರ ಬೇಡಂಡಿ.”

ಸಮಿತಿಯಲ್ಲಾಗಿದ್ದರೆ ನಾನು ಮೇಜು ಕುಟ್ಟಿ ಜಗಳವಾಡುತ್ತಿದ್ದೆ. ಅಲ್ಲಿ “ಸರಿ ಅಂಡಿ” ಎಂದು ಎದ್ದು ಬಂದೆ. ಮೆಟ್ಟಿಲು ಹತ್ತುವಾಗ ನನಗಾದದ್ದು ದುಃಖವಲ್ಲ, ಸಂತೋಷ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ಹಾಗೇ. ಎದೆಯ ಮೇಲಿದ್ದ ಕಲ್ಲು ಇಳಿದಿತ್ತು.

ಮುಂದಿನ ಭಾನುವಾರ, ನಾಲ್ಕು ವರ್ಷಗಳಲ್ಲಿ ಮೊದಲ ಸಲ, ಆ ಮನೆಯಲ್ಲಿ ಮೀನು ಹುರಿದೆ. ಆರಾಧನೆ ಮುಗಿದ ಮೇಲೆ ಹುಡುಗಿಯನ್ನೂ ಊಟಕ್ಕೆ ಕರೆದಿದ್ದೆ. ಬಡಿಸುತ್ತಾ ನಡೆದದ್ದೆಲ್ಲ ಹೇಳಿದೆ. ಬೊಟ್ಟು ತೆಗೆದು ಹೋದದ್ದು, ನಿಜ ಹೇಳಿದ್ದು, ಮಾಲಕಿ ನಮ್ಮನ್ನು ಇರಿ ಎಂದದ್ದು, ಅವಳನ್ನು ಬೇಡ ಎಂದದ್ದು. ನನ್ನ ದನಿಯಲ್ಲಿ ಹೆಮ್ಮೆ ಇತ್ತೆಂದು ಕಾಣುತ್ತದೆ. ಅವಳು ಗಮನವಿಟ್ಟು ಕೇಳಿದಳು. ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸರಿಸಿ ಕೇಳಿದಳು:

“ಹಾಗಾದರೆ ನೀವಿಬ್ಬರೂ ಈ ಮನೆ ಬಿಡೋದು ಯಾವಾಗ, ಆಂಟಿ? ಮೂವರಿಗೂ ಒಟ್ಟಿಗೇ ಹುಡುಕಬಹುದಲ್ಲ.”

ಅದರಲ್ಲಿ ಕೊಂಕಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ ಕೇಳಿದಳು. ಸಭೆಯ ಮುಂದೆ ನಾನು ಓದಿದ್ದನ್ನೆಲ್ಲ ಅವಳು ನಂಬಿದ್ದಳು. ಯಜಮಾನರು ನೀರು ತರಲು ಎದ್ದರು. “ನೋಡೋಣ” ಎಂದೆ.

ಆ ವಾರವೇ ಅವಳಿಗೆ ಪರವಾಡದ ಕಡೆ ಜಾಗ ಸಿಕ್ಕಿತು. ಔಷಧ ಕಾರ್ಖಾನೆಗೆ ಶಿಫ್ಟಿಗೆ ಹೋಗುವ ಒಡಿಶಾದ ಮೂವರು ಹೆಂಗಸರು ತಮ್ಮ ಒಂದೇ ಕೋಣೆಯಲ್ಲಿ ಚಾಪೆ ಸರಿಸಿ ಜಾಗ ಮಾಡಿಕೊಟ್ಟರು. ಅಲ್ಲಿನ ಮಾಲೀಕರು ಫಾರಂ ತುಂಬಿದರು, ಪರವಾನಗಿ ನವೀಕರಣವಾಯಿತು. ಅಲ್ಲಿಂದ ನಗರಕ್ಕೆ ಬರಲು ಎರಡು ಬಸ್ಸು ಬದಲಿಸಬೇಕಾಗಿದ್ದರಿಂದ ಚರ್ಚಿಗೆ ಬರುವುದು ಕಡಿಮೆ ಮಾಡಿದಳು, ಆಮೇಲೆ ನಿಲ್ಲಿಸಿದಳು. ಬ್ಯಾಂಕಿನವರು ನನ್ನನ್ನು ವಿಜಯವಾಡಕ್ಕೆ ಹಾಕುವ ತನಕ, ಇನ್ನೂ ಒಂದು ವರ್ಷ ಎರಡು ತಿಂಗಳು, ನಾವು ಆ ಮನೆಯಲ್ಲೇ ಇದ್ದೆವು. ಒಳ್ಳೆಯ ಮನೆ, ಗಾಳಿ ಬೆಳಕು ಚೆನ್ನಾಗಿತ್ತು.