ಗಜನಿಯ ಬಾಗಿಲು, ಭಾನುವಾರದ ತರಗತಿ

ಅಘನಾಶಿನಿಯ ಹಿನ್ನೀರಿನ ಮೇಲೆ ಬೆಳಕು ನೀರು ಬೆರೆಸಿದ ಹಾಲಿನಂತೆ ಹರಡುತ್ತಿದೆ. ಕಾಗಾಲದ ಗಜನಿಯಲ್ಲಿ, ಎಂದರೆ ಹಿನ್ನೀರಂಚಿನ ಉಪ್ಪುನೆಲದ ಗದ್ದೆಬಯಲಲ್ಲಿ, ಹೊಳೆಗೂ ಗದ್ದೆಗೂ ನಡುವಿನ ಮಣ್ಣಿನ ಕಟ್ಟೆಯ ಮೇಲೆ ಗೀತಾಂಜಲಿ ಪಟಗಾರ ಪ್ಯಾಂಟು ಮಡಚಿ ಕೂತಿದ್ದಾಳೆ. ಕಾಲ ಕೆಳಗೆ ಮರದ ಹಲಗೆಗಳ ಬಾಗಿಲು ತೆರೆದಿದೆ. ಗದ್ದೆಯ ಮಳೆನೀರು ಹೊಳೆಗೆ ಹರಿಯುವ ಸದ್ದು ಸಣ್ಣದಾಗುತ್ತ, ಪಿಸುಮಾತಾಗುತ್ತ, ಕೊನೆಗೆ ಯಾರೋ ಉಸಿರು ಹಿಡಿದಂತೆ ನಿಲ್ಲುತ್ತದೆ. ಇಳಿತ ಮುಗಿಯಿತು. ಅವಳು ಏಳುತ್ತಾಳೆ. ಹಲಗೆಗಳನ್ನು ಒಂದೊಂದಾಗಿ ಇಳಿಸಿ ಸಂದಿಗೆ ಕೆಸರು ಮೆತ್ತುತ್ತಾಳೆ. ಹೊರಗೆ ಉಪ್ಪುನೀರು ಮೆಲ್ಲಗೆ ಏರತೊಡಗುತ್ತದೆ. ಒಳಗೆ ಕಗ್ಗದ ಸಸಿಗಳು ಇನ್ನೂ ನಿದ್ದೆಯಲ್ಲಿರುವಂತೆ ಒಂದೇ ಕಡೆ ವಾಲಿಕೊಂಡಿವೆ.

ಕಗ್ಗ ಉಪ್ಪು ತಾಳುವ ಭತ್ತವೇ. ಆದರೆ ಎಳೆಸಸಿಯ ಮೇಲೆ ಉಪ್ಪುನೀರು ನಿಂತರೆ ಅದೂ ಸೋಲುತ್ತದೆ. ಅದಕ್ಕೇ ಬಿತ್ತನೆಯಿಂದ ಕೊಯ್ಲಿನವರೆಗೆ ಹಗಲಿರುಳೆನ್ನದೆ ಇಳಿತಕ್ಕೆ ಬಾಗಿಲು ತೆಗೆಯಬೇಕು, ನೀರೇರುವ ಭರತಕ್ಕೆ ಹಾಕಬೇಕು. ಈ ಬಯಲನ್ನು ನಂಬಿದ ಮನೆಗಳು ಮೂವತ್ತರ ಆಸುಪಾಸು. ಉಣ್ಣುವಾಗ ಹಲಗೆ ಎತ್ತುವ ಕೈಯನ್ನು ನೆನೆಯುವವರು ಕಡಿಮೆ. ತಂದೆ ತಿಮ್ಮಪ್ಪ ಕಟ್ಟೆಯಿಂದ ಜಾರಿ ಭುಜ ಮುರಿದುಕೊಂಡ ಮೇಲೆ, ಐದು ಮಳೆಗಾಲದಿಂದ ಆ ಕೈ ಗೀತಾಂಜಲಿಯದು. ಕೂಲಿ ಎಂಬುದಿಲ್ಲ. ಬಾಗಿಲು ಕಾದವರಿಗೆ ಆ ಇಳಿತದಲ್ಲಿ ಬಾಗಿಲ ಬಲೆಗೆ ಬೀಳುವ ಮೀನು. ಅಷ್ಟೇ ಇಲ್ಲಿಯ ಕಟ್ಟುಪಾಡು.

ಉಳಿದ ಹೊತ್ತು ಅವಳು ಊರ ಕ್ರಾಸಿನ ಸಿಮೆಂಟು-ಕಬ್ಬಿಣದ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾಳೆ. ಚಂದ್ರನ ಲೆಕ್ಕದಲ್ಲಿ ಬರುವ ಹಗಲಿನ ಭರತಕ್ಕೆ ಸ್ಕೂಟಿ ಹತ್ತಿ ಕಟ್ಟೆಗೆ ಓಡುವುದರಿಂದ ಅವಳ ಊಟದ ಹೊತ್ತು ದಿನಾ ಒಂದಿಷ್ಟು ಮುಂದೆ ಜಾರುತ್ತದೆ. ಒಂದು ವಾರ ಮಧ್ಯಾಹ್ನದ ಊಟ, ಇನ್ನೊಂದು ವಾರ ಅದೇ ಬುತ್ತಿ ಸಂಜೆಯ ತಿಂಡಿ. ಅಂಗಡಿಯ ಮಾಲೀಕ ಶ್ರೀನಾಥ ಗೊಣಗುವುದೂ ನಗುತ್ತಲೇ: "ನಿಂಗೆ ಮ್ಯಾನೇಜರು ಚಂದ್ರನೇ. ನಾನು ಇಲ್ಲಿ ಎಂತಕ್ಕೆ ಕೂತದ್ದು?"

ಹೊನ್ನಾವರದಲ್ಲಿ ಕೆಲಸದಲ್ಲಿರುವವರಿಗೆಂದೇ ಎಂ.ಬಿ.ಎ. ತರಗತಿ ಶುರುವಾಗುತ್ತದೆ, ಎರಡು ವರ್ಷ, ಭಾನುವಾರ ಮಾತ್ರ ಎಂದು ಗೆಳತಿ ಅಂಕಿತಾ ಹೇಳಿದ್ದು ಬಿತ್ತನೆಯ ದಿನಗಳಲ್ಲಿ. ಬಿ.ಕಾಂ. ಮುಗಿಸಿ ಆರು ವರ್ಷವಾದವಳಿಗೆ ಆ ಮಾತು ಕಾಲಿಗೆ ಅಂಟಿದ ಕೆಸರಿನಂತೆ ತೊಳೆದರೂ ಹೋಗಲಿಲ್ಲ. ಹಲಗೆ ಇಳಿಸುವಾಗ, ಬಿಲ್ಲು ಹರಿಯುವಾಗ, ಕಿಟಕಿ ಪಕ್ಕದ ಬೆಂಚೊಂದು ಸುಮ್ಮನೆ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಬೆಂಚು ಮಾತ್ರ. ಪಾಠ ಯಾವುದು, ಕಲಿಸುವವರು ಯಾರು, ಒಂದೂ ಕಾಣುತ್ತಿರಲಿಲ್ಲ.

ತೊಡಕು ಇದ್ದದ್ದು ಬಾಗಿಲಿನಲ್ಲಿ. ಶ್ರೀನಾಥ ಬಿಟ್ಟಂತೆ ತರಗತಿ ಅವಳನ್ನು ನಡುವೆ ಬಿಡುವುದಿಲ್ಲ. ಕಟ್ಟೆಗೆ ಹತ್ತಿರವಿರುವ ಇನ್ನೊಂದು ಮನೆ ದೇವರಾಜರದು ಮಾತ್ರ, ಅವರಿಗೋ ಈ ಬಾಗಿಲಿನ ಮೇಲೆ ಬಹಳ ಕಾಲದಿಂದ ಕಣ್ಣು. ಪ್ರತಿ ವರ್ಷ ಕೊಯ್ಲು ಮುಗಿದಾಗ ಗದ್ದೆಯವರೆಲ್ಲ ಸೇರಿ ಮುಂದಿನ ಮಳೆಗಾಲಕ್ಕೆ ಬಾಗಿಲು ಯಾರಿಗೆಂದು ಹೇಳುತ್ತಾರೆ. ಅಜ್ಜನ ಕಾಲದಿಂದ ಆ ಮಾತು ಗೀತಾಂಜಲಿಯ ಮನೆ ಬಿಟ್ಟು ಬೇರೆ ಮನೆಗೆ ಹೋದದ್ದಿಲ್ಲ.

ಭಾನುವಾರ ಮಾತ್ರ ಅವರಿಗೆ ಬಿಡಲೇ ಎಂದು ಅವಳು ಕೇಳಿದ್ದಕ್ಕೆ ತಿಮ್ಮಪ್ಪ ಹೇಳಿದ್ದು ಒಂದೇ ಸಲ: "ಹಲಗೆ ಒಂದ್ಸಲ ಬೇರೆಯವ್ರ ಕೈಗೆ ಹೋತು ಅಂದ್ರೆ ತಿರುಗಿ ಬರೂದಿಲ್ಲ ಮಗಾ." ಆಮೇಲೆ ಮೂರು ದಿನ ಮಗಳ ಜತೆ ಮಾತಿಲ್ಲ. ಗಂಜಿ ಬೇಕಾದರೂ ತಮ್ಮ ತಾಯಿ ನಾಗಿಯ ಕಡೆ ನೋಡಿ ಕೇಳುವರು. ಎಂಬತ್ತರ ನಾಗಿಯಜ್ಜಿಗೆ ಈ ಮೌನದಿಂದಲೇ ಬೇಸರ. ಯಾವುದೋ ಒಂದು ಮಾಡಿ, ನನ್ನ ತಲೆ ತಿನ್ನಬೇಡಿ ಎಂದು ಇಬ್ಬರಿಗೂ ಬೈದರು.

ತರಗತಿಗೆ ಹೆಸರು ಕೊಡಲು ಕಡೆಯ ದಿನದ ಹಿಂದಿನ ಸಂಜೆ. ಹೆಂಗಸರು ಗಂಡಸರೆಲ್ಲ ಕಳೆ ಕೀಳಲು ಗದ್ದೆಯಲ್ಲಿದ್ದರು. ಗೀತಾಂಜಲಿ, ಅಂಗಡಿಯಲ್ಲಿ ಗಿರಾಕಿಯ ಮುಖ ನೋಡಿ ಮಾತಾಡಲೂ ನಾಚುವವಳು, ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು. ಭಾನುವಾರದ ಬಾಗಿಲು ದೇವರಾಜಣ್ಣ ನೋಡಿಕೊಳ್ಳಲಿ, ಭಾನುವಾರದ ಮೀನೂ ಅವರದೇ.

ಗದ್ದೆಯಲ್ಲಿ ಬಾಗಿದ್ದ ಬೆನ್ನುಗಳೆಲ್ಲ ಎದ್ದವು. ಮೀನಿನಲ್ಲಿ ಅರ್ಧ ಅವಳಿಗೂ ಕೊಡಬೇಕು ಎಂದು ಯಾರೋ ಅಂದರು. ಅವಳು ಒಪ್ಪಲಿಲ್ಲ. "ಕಾದವ್ರಿಗೆ ಮೀನು. ನಂಗೆ ಅಂತ ಅದನ್ನ ಮುರಿದ್ರೆ ನಾಳೆ ಯಾರೂ ಕಾಯೂದಿಲ್ಲ."

ದೇವರಾಜ ಕೈಯ ಕೆಸರು ಒರೆಸುತ್ತ ಕೆಣಕಿದರು: "ಕೊಟ್ಟದ್ದು ವಾಪಸ್ ಕೇಳೂಕೆ ಬರ್ತ್ಯಾ ಹೆಂಗೆ?"

"ಸೋಮವಾರ ಬೆಳಿಗ್ಗೆ ನಾನೇ ಬರ್ತೆ ದೇವರಾಜಣ್ಣ."

ಮೊದಲ ಭಾನುವಾರ ಅವಳು ಹೊನ್ನಾವರದ ಬಸ್ಸು ಹತ್ತಿದ ಮೇಲೆ ತಿಮ್ಮಪ್ಪ ಕೊಡೆ ಹಿಡಿದು ಕಟ್ಟೆಗೆ ನಡೆದರು. ದೇವರಾಜ ಹಲಗೆ ಎತ್ತುವುದನ್ನೂ ಇಳಿಸುವುದನ್ನೂ ಇಡೀ ದಿನ ಕೂತು ನೋಡಿದರು. ತಪ್ಪು ಹುಡುಕಿದರು, ಸಿಗಲಿಲ್ಲ. ಸಂಜೆ ದೇವರಾಜರ ಬುಟ್ಟಿಯಲ್ಲಿ ಒಳ್ಳೆಯ ಸೀಗಡಿ. ಅದರಲ್ಲೊಂದು ಹಿಡಿ ಎತ್ತಿ ಕೊಡಬಂದರೆ ತಿಮ್ಮಪ್ಪ ಮುಟ್ಟಲಿಲ್ಲ. ಇಬ್ಬರೂ ಒಂದೇ ಬೀಡಿಕಟ್ಟು ಹಂಚಿಕೊಂಡು ಬಂದರು.

ಕೊಯ್ಲಿನ ಹೊತ್ತಿಗೆ ಬಾಗಿಲು ಯಾರ ಮನೆಗೆ ಹೋಗುತ್ತದೋ ಈಗಲೇ ಹೇಳಲಾಗದು. ಗೀತಾಂಜಲಿಗೂ ಆ ಹೆದರಿಕೆ ಹೋಗಿಲ್ಲ. ರಾತ್ರಿ ಎಚ್ಚರವಾದರೆ ಮೊದಲು ನೆನಪಾಗುವುದು ಅದೇ.

ಆ ಮೊದಲ ಭಾನುವಾರದ ಸಂಜೆ ಒದ್ದೆ ಚೀಲ ಜಗಲಿಯ ಮೂಲೆಗಿಟ್ಟು ಕೂತವಳನ್ನು ನಾಗಿಯಜ್ಜಿ ಕೇಳಿದರು, ಎಂತ ಕಲಿತೆ ಎಂದು.

"ಪಾಸಾಗಿ ಎಂತ ಮಾಡ್ತೆ ಅಂತ ಎಲ್ಲರೂ ಕೇಳ್ತ್ರು ಅಜ್ಜಿ, ನಂಗೆ ಗೊತ್ತಿಲ್ಲ. ಇವತ್ತು ಪಾಠ ಕೇಳ್ತಾ ಕೇಳ್ತಾ ಒಂದು ತಾಸು, ನೀರು ಏರ್ತದ್ಯಾ ಇಳೀತದ್ಯಾ ಅನ್ನೂದೇ ನೆನಪಾಗಲಿಲ್ಲ. ವಾರಕ್ಕೆ ಅಂಥಾ ಒಂದು ತಾಸು ಸಿಕ್ಕಿದ್ರೆ ಆತು."