ಕಂಪೌಂಡರ್ ಸಾಹೇಬರು ಕೊಟ್ಟ ಜಾಮೀನು

ಹೋದ ವಾರ ಮೊಮ್ಮಗಳಿಗೆ ಸೂಜಿ ಹಾಕಿಸಲು ಆಸ್ಪತ್ರೆಗೆ ಹೋಗಿದ್ದೆ. ನರ್ಸಮ್ಮ ಹತ್ತಿಗೆ ಸ್ಪಿರಿಟ್ ಹಚ್ಚಿ ಮಗುವಿನ ತೋಳು ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಬಾಗಿಲಿಗೆ ಹೋದೆ, ಮತ್ತೆ ಬಂದೆ, ಮತ್ತೆ ಹೋದೆ. ದೇವದುರ್ಗದ ಕಂಪೌಂಡರ್ ಸಾಹೇಬರ ಕೈಗಳು ದಿನವಿಡೀ ಹೀಗೇ ವಾಸನೆ ಹೊಡೆಯುತ್ತಿದ್ದವು...

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ದೇವದುರ್ಗದಲ್ಲಿ ಶಾಲಾ ಮಾಸ್ತರ. ಕೂಲಿ ಮಾಡಿ ಓದಿಸಿದ ಅವ್ವ, ಮಗ ನೌಕರಿಗೆ ಸೇರಿದನೆಂದು ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಮಗ ಮಾತ್ರ ಸಾರಾಯಿ ಅಂಗಡಿಯ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ಮಾನ್ವಿಗೆ, ತವರಿಗೆ ಹೋಗಿಬಿಟ್ಟಳು. ಕರೆಯಲು ಹೋದರೆ ಮಾವ ಕಟ್ಟೆಯಿಂದ ಇಳಿಯಲೂ ಇಲ್ಲ.

“ನಿಮ್ಮ ಮಾತು ನಂಬೂದಿಲ್ರೀ. ಜಾಮೀನು ಕೊಡೋರನ್ನ ಕರಕೊಂಡು ಬರ್ರಿ. ಆಮ್ಯಾಲ ಮಗಳನ್ನ ಕಳಸ್ತೀನಿ.”

ಕುಡುಕನಿಗೆ ಜಾಮೀನು ನಿಲ್ಲುವವರು ಯಾರು?

ಕೈ ನಡುಕಕ್ಕೆ ಔಷಧಿ ಕೇಳಲು ಒಂದು ದಿನ ಆಸ್ಪತ್ರೆಗೆ ಹೋದೆ. ಕಂಪೌಂಡರ್ ಸಾಹೇಬರು ಬಾಟಲಿಗೆ ಔಷಧಿ ಸುರಿಯುತ್ತಲೇ ನನ್ನ ಬೆರಳು ನೋಡಿದರು. “ನಂದೂ ಹಿಂಗ ನಡುಗುತ್ತಿತ್ತು ಮಾಸ್ತರ. ಐತವಾರ ರಾಯಚೂರಾಗ ಕುಡಿತ ಬಿಡಾಕ ನಮ್ಮಂಥೋರು ನಾಕು ಮಂದಿ ಕೂಡ್ತೀವಿ. ಬರ್ರಿ,” ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಊರವರ ಮುಂದೆ ನನ್ನನ್ನು ‘ನಮ್ಮಂಥೋರು’ ಎಂದು ಸೇರಿಸಿಕೊಳ್ಳಲು ಇವರು ಯಾರು ಎಂದು ಬೈದುಕೊಳ್ಳುತ್ತಾ ಮನೆಗೆ ಬಂದೆ. ಅವ್ವನಿಗೆ ಹೇಳಿದೆ. ಅವಳು ಭಾನುವಾರ ಬೆಳಿಗ್ಗೆ ಕೈಚೀಲದಲ್ಲಿ ತೆಂಗಿನಕಾಯಿ, ಊದಿನಕಡ್ಡಿ, ವೀಳ್ಯದೆಲೆ ಇಟ್ಟು ಬಾಗಿಲಲ್ಲಿ ನಿಂತಳು. ಕುಡಿತ ಬಿಡಿಸುತ್ತಾರೆಂದರೆ ಆಣೆ ಮಾಡಿಸುತ್ತಾರೆಂದೇ ನಮಗೆ ಗೊತ್ತಿದ್ದದ್ದು. ನಾನು ಆಗಲೇ ಮೂರು ಗುಡಿಗಳಲ್ಲಿ ಆಣೆ ಹಾಕಿ ಮುರಿದಿದ್ದೆ. ಮಗಳ ತಲೆ ಮುಟ್ಟಿಯೂ ಒಮ್ಮೆ...

ರಾಯಚೂರಿನ ಒಂದು ಶಾಲೆಯ ಹಿಂದಿನ ಕೋಣೆ. ಎಂಟೊಂಬತ್ತು ಜನ: ರೈಲ್ವೆಯವರೊಬ್ಬರು, ಹೋಟೆಲಿನ ಅಡುಗೆಯವರೊಬ್ಬರು, ಉಳಿದವರ ಮುಖ ಈಗ ಮಸುಕು. ನಾನು ಬಾಗಿಲ ಹತ್ತಿರವೇ ಕುಳಿತೆ, ಓಡಿಹೋಗಲು ಅನುಕೂಲವಾಗಲೆಂದು. ನನ್ನ ಸರದಿ ಬಂದಾಗ ಎದ್ದು, ಮೇಜಿನ ಮೇಲೆ ಕಾಯಿ ಇಟ್ಟು, ಯಾವ ದೇವರ ಮುಂದೆ ಆಣೆ ಹಾಕಬೇಕು ಎಂದು ಕೇಳಿದೆ. ಎಲ್ಲರೂ ನಕ್ಕರು. ಅಡುಗೆಯವರು ಕಣ್ಣೊರೆಸಿಕೊಂಡು, “ನಾನೂ ಕಾಯಿ ತಂದಿದ್ನಿರೀ,” ಎಂದರು.

“ಇಲ್ಲಿ ಆಣಿ ಇಲ್ರೀ ಮಾಸ್ತರ,” ಎಂದರು ಕಂಪೌಂಡರ್ ಸಾಹೇಬರು. “ಆಣಿ ಅಂದ್ರ ಜನ್ಮಪೂರ್ತಿಗೆ ಹಾಕ್ತೀವಿ, ಮರುದಿನ ಮುರೀತೀವಿ. ಇವತ್ತು ಮಲಗೂತನಕ ಕುಡೀದಂಗ ಇರ್ತೀರೇನು?”

“ಇರ್ತೀನ್ರೀ.”

“ಸಾಕು. ಕಾಯಿ ಒಡೀರಿ, ಬೆಲ್ಲ ತರಸೋಣು.”

ಬೆಲ್ಲದ ಜೊತೆ ಕಾಯಿ ತಿಂದು ದೇವದುರ್ಗದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನನ್ನ ಕಾಲು ಒಂದೆಡೆ ನಿಲ್ಲಲಿಲ್ಲ. ಕಂಪೌಂಡರ್ ಸಾಹೇಬರು ನನ್ನ ಪಕ್ಕ ಬಿಟ್ಟು ಏಳಲಿಲ್ಲ.

ಮರುದಿನದಿಂದ ಶಾಲೆ ಬಿಡುವ ಗಂಟೆ ಹೊಡೆದಾಗ ಗೇಟಿನಲ್ಲಿ ಅವರ ಸೈಕಲ್ಲು ಇರುತ್ತಿತ್ತು. ಸಾರಾಯಿ ಅಂಗಡಿ ತಪ್ಪಿಸಿ, ಸುತ್ತು ಹಾದಿಯಲ್ಲಿ ಸೈಕಲ್ಲು ತಳ್ಳಿಕೊಂಡು ಮನೆತನಕ ಬರುತ್ತಿದ್ದರು. ನಾನು ಎಷ್ಟೋ ಸಲ ರೇಗಿದ್ದೇನೆ, ನಾನೇನು ಒಂದನೇ ಇಯತ್ತೆಯ ಹುಡುಗನೇ ಎಂದು. ಮರುದಿನವೂ ಸೈಕಲ್ಲು ಇರುತ್ತಿತ್ತು.

ಹೀಗೆ ಆರೇಳು ತಿಂಗಳು ಕಳೆದ ಮೇಲೆ ಅವರೇ ನನ್ನ ಜೊತೆ ಮಾನ್ವಿಗೆ ಬಂದರು. ಮಾವನ ಮುಂದೆ ಕೈಮುಗಿದು, “ಮಾಸ್ತರ ಇವತ್ತು ಕುಡದಿಲ್ರೀ. ಅಷ್ಟಕ್ಕ ನಾ ಜಾಮೀನು. ನಾಳಿನದು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ,” ಎಂದರು. ಮಾವ ಕೆಂಡವಾದರು. ಆದರೆ ಬಾಗಿಲ ಹಿಂದೆ ನಿಂತಿದ್ದ ನನ್ನವಳು ಟ್ರಂಕು ಹಿಡಿದು ಹೊರಗೆ ಬಂದಳು. “ಇಷ್ಟು ವರ್ಷದಾಗ ಈ ಮನುಷ್ಯಾ ಒಬ್ಬನ ಖರೇ ಹೇಳಿದ್ದು,” ಎಂದಳು.

ಮುಂದೆ ಅವರಿಗೆ ಮಾನ್ವಿಗೆ ವರ್ಗವಾಯಿತು. ಭಾನುವಾರಗಳಿಗೆ ಬರುವುದು ಮೊದಲು ಕಡಿಮೆಯಾಯಿತು, ಆಮೇಲೆ ನಿಂತಿತು. ಕೆಲಸ ಹೆಚ್ಚಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ಒಂದು ಮಧ್ಯಾಹ್ನ ತವರಿನಿಂದ ಹೆಂಡತಿ ಮಗಳೊಂದಿಗೆ ಹಿಂದಿರುಗುತ್ತಾ ಮಾನ್ವಿ ನಿಲ್ದಾಣದಲ್ಲಿ ಬಸ್ಸಿನಲ್ಲಿ ಕುಳಿತಿದ್ದೆ. ಕಿಟಕಿಯಾಚೆ ಗೋಡೆಗೆ ಒರಗಿ ಕಂಪೌಂಡರ್ ಸಾಹೇಬರು ಕುಳಿತಿದ್ದರು. ಅಂಗಿಯ ಗುಂಡಿ ಹಾಕಿರಲಿಲ್ಲ, ಕಾಲಲ್ಲಿ ಒಂದೇ ಚಪ್ಪಲಿ. ನನ್ನನ್ನು ಕಂಡು ಕೈ ಎತ್ತಿದರು. ಅರ್ಧಕ್ಕೆ ಇಳಿಸಿದರು.

“ಇಳೀರಿ,” ಎಂದಳು ಹೆಂಡತಿ.

“ಬಸ್ಸು ಬಿಡ್ತದ,” ಎಂದೆ.

ಬಸ್ಸು ಇನ್ನೂ ಕಾಲು ತಾಸು ಅಲ್ಲೇ ನಿಂತಿತ್ತು. ಅವರ ಪಕ್ಕ ಕುಳಿತರೆ ನಾನೂ ಕುಡಿದುಬಿಡುತ್ತೇನೆ ಎಂಬ ಭಯ. ಅದು ನಿಜವೇ. ಅವರನ್ನು ಬಲ್ಲೆ ಎಂದು ಜನರಿಗೆ ತಿಳಿದೀತೆಂಬ ನಾಚಿಕೆ. ಅದೂ ನಿಜ. ಮುಂದಿನ ಭಾನುವಾರ, ಬೇರೆ ಯಾರಿಂದಲೋ ಸುದ್ದಿ ತಿಳಿದು, ಗುಂಪಿನ ಇಬ್ಬರು ಹುಡುಕಿಕೊಂಡು ಹೋದರು, ಸಿಗಲಿಲ್ಲ. ಮಳೆಗಾಲದ ಹೊತ್ತಿಗೆ ಸುದ್ದಿ ಬಂತು... ಅವರು ತೀರಿಹೋಗಿದ್ದರು.

ನನಗೀಗ ಎಪ್ಪತ್ತು ದಾಟಿದೆ. ಭಾನುವಾರ ತಪ್ಪಿಸುವುದಿಲ್ಲ. ಕುಡಿದು ಮಾಡಿದ್ದನ್ನೆಲ್ಲ ಆ ಜನರ ಮುಂದೆ ಹೇಳಿದ್ದೇನೆ: ಅವ್ವನ ಮೇಲೆ ಕೈ ಎತ್ತಿದ್ದನ್ನೂ, ಮಗಳ ತಲೆ ಮುಟ್ಟಿ ಸುಳ್ಳಾಡಿದ್ದನ್ನೂ. ಮಾನ್ವಿಯ ಆ ಮಧ್ಯಾಹ್ನದ್ದು ಮಾತ್ರ ಬಾಯಿಗೆ ಬರುವುದಿಲ್ಲ. ಅವತ್ತು ನಾನು ಕುಡಿದಿರಲಿಲ್ಲ.